ಉದ್ದ ಕ್ಯೂ, ಪಕ್ಕದಲ್ಲೊಂದು ನಕಲಿ ಬಾಗಿಲು: ಮೋಸದ ವೆಬ್‌ಸೈಟ್ ಗುರುತಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ದೊಡ್ಡಪ್ಪ ಮೂವತ್ತೆರಡು ವರ್ಷ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು. ಓಚರ್‌ನಲ್ಲಿ ಸಹಿ ತುಸು ಓರೆಯಾಗಿದ್ದರೂ ವಾಪಸ್ ಕಳಿಸುತ್ತಿದ್ದರಂತೆ. ಅಂಥವರು ತಿರುಮಲದಲ್ಲಿ ಒಂದು ರೂಮು ಬುಕ್ ಮಾಡಲು ಹೋಗಿ 9,600 ರೂಪಾಯಿ ಕಳೆದುಕೊಂಡರು. ಮೊದಲು ಬಾಡಿಗೆ ಅಂತ 1,200. ಆಮೇಲೆ ‘ವಾಪಸ್ ಬರುವ ಠೇವಣಿ’ ಅಂತ 2,400. ‘ಬುಕಿಂಗ್ ಕೋಡ್ ಹಾಕದೆ ಕಟ್ಟಿದ್ದೀರಿ ಸಾರ್, ಪೂರ್ತಿ ಮೊತ್ತ ಒಟ್ಟಿಗೆ ಹಾಕಿ, ಹಳೆಯದು ತಾನಾಗಿ ವಾಪಸ್ ಬರುತ್ತೆ’ ಅಂದಾಗ 3,600. ಕೊನೆಗೆ ಆ ‘ಹಳೆಯದು’ ವಾಪಸ್ ಬರಲು ಶುಲ್ಕ ಅಂತ ಮತ್ತೆ 2,400. ಐದನೇ ಸಲ ಕೇಳಿದಾಗ ನನಗೆ ಫೋನ್ ಮಾಡಿದರು. ಹೇಳಿದ್ದು ಒಂದೇ ಮಾತು: “ಸೈಟು ಅಷ್ಟು ಚೆನ್ನಾಗಿತ್ತಲ್ಲೋ!”

ನಿಜಕ್ಕೂ ಚೆನ್ನಾಗಿತ್ತು. ಗೋಪುರದ ಚಿತ್ರ, ಕೊಠಡಿಗಳ ಚಿತ್ರ, ಕನ್ನಡದಲ್ಲೂ ವಿವರ. ಮೊದಲೆಲ್ಲ ಕಾಗುಣಿತದ ತಪ್ಪು, ಓರೆಕೋರೆ ಲೋಗೋ ನೋಡಿ ನಕಲಿ ಅಂತ ಹೇಳಬಹುದಿತ್ತು. ಈಗ ಅಸಲಿ ಪುಟವನ್ನು ಅರ್ಧ ಗಂಟೆಯಲ್ಲಿ ಹಾಗೇ ನಕಲು ಮಾಡಬಹುದು, ಭಾಷೆಯನ್ನು ಯಂತ್ರವೇ ತಿದ್ದಿಕೊಡುತ್ತದೆ. ಇನ್ನೂ ಹೇಳಬೇಕೆಂದರೆ, ನಮ್ಮ ಅಸಲಿ ಸರ್ಕಾರಿ ಸೈಟುಗಳು ಒಮ್ಮೊಮ್ಮೆ ತೆರೆಯುವುದೇ ಇಲ್ಲ. ನಕಲಿಯದ್ದು ತಟ್ಟನೆ ತೆರೆಯುತ್ತದೆ. ಹಾಗಾಗಿ ಮುಖ ನೋಡಿ ಮಣೆ ಹಾಕುವ ಅಭ್ಯಾಸವನ್ನು ಇಲ್ಲೇ ಬಿಡೋಣ.

ಬದಲಿಗೆ ಇನ್ನೊಂದು ವಿಷಯ ಗಮನಿಸಿ. ತಿರುಮಲದ ಕೊಠಡಿಗಳ ಆನ್‌ಲೈನ್ ಕೋಟಾ ತಿಂಗಳುಗಳ ಮೊದಲೇ ಬಿಡುಗಡೆಯಾಗಿ ಬೇಗ ಖಾಲಿಯಾಗುತ್ತದೆ. ದೊಡ್ಡಪ್ಪನಿಗೆ ಬೇಕಿದ್ದದ್ದು ಮುಂದಿನ ಶನಿವಾರಕ್ಕೆ. ಅಸಲಿ ಬಾಗಿಲಲ್ಲಿ ಇಲ್ಲ ಅಂದದ್ದು ಪಕ್ಕದ ಬಾಗಿಲಲ್ಲಿ ಇದೆ ಅಂದರು. ಎಲ್ಲಿ ಉದ್ದ ಕ್ಯೂ ಇದೆಯೋ, ಎಲ್ಲಿ ಕೊನೆಯ ದಿನಾಂಕ ಹತ್ತಿರವಿದೆಯೋ, ಅಲ್ಲೇ ನಕಲಿ ಸೈಟು ಹುಟ್ಟುತ್ತದೆ. ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್ ಆಗಲಿ, ವಾಹನಗಳ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಆಗಲಿ ಇದೇ ಕಥೆ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೆಲ್ಲ ಹೊಸ ಪ್ಲೇಟ್ ಕಡ್ಡಾಯ ಅಂತ 2023ರಲ್ಲಿ ಕರ್ನಾಟಕ ಸಾರಿಗೆ ಇಲಾಖೆ ಹೇಳಿ, ಗಡುವು ಮುಂದಕ್ಕೆ ಹೋಗುತ್ತಾ ಬಂದಾಗ ನಕಲಿ ಬುಕಿಂಗ್ ಸೈಟುಗಳೂ ಕ್ಯೂಆರ್ ಕೋಡುಗಳೂ ಓಡಾಡಿದ್ದು ನೆನಪಿರಬಹುದು.

ಹೀಗಾಗಿ ನನ್ನ ಮೊದಲ ಅಳತೆಗೋಲು ಸೈಟಿನದ್ದಲ್ಲ, ನಮ್ಮದು: ಎಲ್ಲೂ ಸಿಗದ್ದು ಇಲ್ಲಿ ಮಾತ್ರ ಸುಲಭವಾಗಿ ಸಿಗುತ್ತಿದೆಯೇ? ಹೌದಾದರೆ ಕೆಳಗಿನ ಹೆಜ್ಜೆಗಳನ್ನು ಒಂದೂ ಬಿಡದೆ ಇಡಿ. ಪೂರ್ತಿ ಮಾಡಲು ಹತ್ತು ನಿಮಿಷ ಸಾಕು.

ಹೆಜ್ಜೆ 1: ಇಲ್ಲಿಗೆ ಹೇಗೆ ಬಂದೆ?

ದೊಡ್ಡಪ್ಪ ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದದ್ದನ್ನು ಒತ್ತಿದ್ದರು. ಮೇಲೆ ಸಣ್ಣಕ್ಷರದಲ್ಲಿ ‘ಪ್ರಾಯೋಜಿತ’ ಅಂತ ಇತ್ತು. ಅಂದರೆ ಅದು ಜಾಹೀರಾತು, ದುಡ್ಡು ಕೊಟ್ಟವರಿಗೆ ಸಿಕ್ಕ ಜಾಗ. ಮೇಲೆ ಬಂದದ್ದು ಅಂದ ಮಾತ್ರಕ್ಕೆ ಅಸಲಿ ಅಂತಲ್ಲ. ಬ್ಯಾಂಕು, ಸರ್ಕಾರಿ ಸೇವೆ, ದೇವಸ್ಥಾನ, ಗ್ಯಾಸ್ ಬುಕಿಂಗ್ ಇವುಗಳ ವಿಷಯದಲ್ಲಿ ಜಾಹೀರಾತಿನ ಫಲಿತಾಂಶವನ್ನು ಒತ್ತುವುದೇ ಬೇಡ. ಒಮ್ಮೆ ಸರಿಯಾದ ವಿಳಾಸ ಖಚಿತಪಡಿಸಿಕೊಂಡು ಬುಕ್‌ಮಾರ್ಕ್ ಮಾಡಿಡಿ, ಮುಂದೆ ಅಲ್ಲಿಂದಲೇ ಹೋಗಿ.

ಎಚ್‌ಎಸ್‌ಆರ್‌ಪಿಯಲ್ಲಿ ಈ ದಾರಿಯ ಪ್ರಶ್ನೆ ಚೆನ್ನಾಗಿ ಕಾಣುತ್ತದೆ. ಪ್ಲೇಟಿನ ಬುಕಿಂಗ್ ಕೊನೆಗೆ ನಡೆಯುತ್ತಿದ್ದದ್ದು ಖಾಸಗಿ ತಯಾರಕರ ಸೈಟಿನಲ್ಲಿ; ಅದರ ವಿಳಾಸ ನೋಡಿದರೆ ಸರ್ಕಾರಿ ಅಂತ ಅನಿಸುತ್ತಿರಲಿಲ್ಲ. ಅದಕ್ಕೇ ಇಲಾಖೆ ಹೇಳಿದ್ದು, ನೇರವಾಗಿ ಹುಡುಕಬೇಡಿ, ಸಾರಿಗೆ ಇಲಾಖೆಯ ಸೈಟಿನಿಂದ ಅಥವಾ ವಾಹನ ತಯಾರಕರ ಸಂಘವಾದ ಸಿಯಾಮ್‌ನ ಸೈಟಿನಿಂದ ಒಳಗೆ ಹೋಗಿ ಅಂತ. ಅಸಲಿ ಸಂಸ್ಥೆಯೂ ‘ಡಾಟ್ ಕಾಮ್’ ಇಟ್ಟುಕೊಂಡಿರಬಹುದು. ಆಗ ಇಲಾಖೆಯ ಸ್ವಂತ ಪುಟದಿಂದ ಅಲ್ಲಿಗೆ ಕೊಂಡಿ ಇದೆಯೇ ಅನ್ನುವುದೇ ಗುರುತು.

ಎಸ್‌ಎಂಎಸ್‌ನಲ್ಲಿ ಬಂದ ಲಿಂಕ್ ಆದರೆ ಕಳಿಸಿದವರ ಹೆಸರು ನೋಡಿ. ಬ್ಯಾಂಕು, ಕಂಪನಿ, ಇಲಾಖೆಗಳ ಸಂದೇಶ ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಅಕ್ಷರಗಳ ಹೆಸರಿನಿಂದ ಬರುತ್ತದೆ. 2025ರ ಮೇ ತಿಂಗಳಿಂದ ಆ ಹೆಸರಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಒಂದು ಇಂಗ್ಲಿಷ್ ಅಕ್ಷರ ಸೇರಿಸುತ್ತಾರೆ: ಜಾಹೀರಾತಿಗೆ ‘ಪಿ’, ಸೇವೆಗೆ ‘ಎಸ್’, ವಹಿವಾಟಿಗೆ ‘ಟಿ’, ಸರ್ಕಾರಕ್ಕೆ ‘ಜಿ’. ‘ಕಳೆದ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ 9.30ಕ್ಕೆ ಕರೆಂಟ್ ಕಟ್, ಈ ಅಧಿಕಾರಿಗೆ ಫೋನ್ ಮಾಡಿ’ ಎಂಬ ಸಂದೇಶ ಮೊಬೈಲ್ ನಂಬರಿನಿಂದ ಬಂತೆಂದರೆ ಓದಿ ಅಳಿಸಿ. ಅನುಮಾನ ಉಳಿದರೆ 1912ಕ್ಕೆ ಫೋನ್ ಮಾಡಿ ಕೇಳಿ, ಅದು ವಿದ್ಯುತ್ ಸಹಾಯವಾಣಿ. ರಾತ್ರಿ ಒಂಬತ್ತೂವರೆಗೆ ಕಂಬ ಹತ್ತಿ ಫ್ಯೂಸ್ ಕೀಳುವಷ್ಟು ಚುರುಕಿನ ಲೈನ್‌ಮನ್ ನಿಮ್ಮೂರಲ್ಲಿದ್ದರೆ ಅದು ಬೇರೆ ಮಾತು.

ವಾಟ್ಸಾಪ್‌ನಲ್ಲಿ ಪರಿಚಯದವರೇ ಕಳಿಸಿದ್ದರೂ ಲಿಂಕು ಅವರದ್ದಲ್ಲ, ಅವರಿಗೆ ಇನ್ಯಾರೋ ಕಳಿಸಿದ್ದು. ಕೆಲವೊಮ್ಮೆ ಅವರ ಫೋನೇ ಕಳ್ಳರ ಕೈಯಲ್ಲಿರುತ್ತದೆ.

ಹೆಜ್ಜೆ 2: ವಿಳಾಸವನ್ನು ಕನ್ನಡ ವಾಕ್ಯದ ಹಾಗೆ ಓದಿ

ಇಲ್ಲಿ ಸ್ವಲ್ಪ ನಿಧಾನಿಸೋಣ, ಯಾಕೆಂದರೆ ಉಳಿದೆಲ್ಲ ಮರೆತರೂ ಇದೊಂದು ಗೊತ್ತಿದ್ದರೆ ಮುಕ್ಕಾಲು ಪಾಲು ಮೋಸ ಹತ್ತಿರ ಬರುವುದಿಲ್ಲ.

‘ನಾನು ನಿಮಗೆ ನಾಳೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ದುಡ್ಡು...’ ಇಷ್ಟು ಕೇಳಿದರೆ ಏನು ಗೊತ್ತಾಯಿತು? ಏನೂ ಇಲ್ಲ. ‘ಕೊಡುತ್ತೇನೆ’ಯೋ ‘ಕೊಡುವುದಿಲ್ಲ’ವೋ ಅನ್ನುವುದು ಕೊನೆಯ ಪದದಲ್ಲಿದೆ. ವೆಬ್ ವಿಳಾಸವೂ ಹಾಗೆಯೇ. ಯಜಮಾನ ಯಾರು ಅನ್ನುವುದು ಕೊನೆಯಲ್ಲಿರುತ್ತದೆ, ಮೊದಲಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಬೆಳಗಾವಿ, ವಿಜಯಪುರ ಕಡೆಯವರಿಗೆ ಇನ್ನೂ ಸುಲಭ: ಮನೆತನದ ಹೆಸರು ಕೊನೆಗೆ ಬರುತ್ತದಲ್ಲ, ಹಾಗೆ.

ಓದುವ ಕ್ರಮ ಹೀಗೆ. ಬ್ರೌಸರಿನ ವಿಳಾಸ ಪಟ್ಟಿಯನ್ನು ಒತ್ತಿ ಪೂರ್ತಿ ವಿಳಾಸ ತೆರೆಯಿರಿ. ಮೊಬೈಲಿನಲ್ಲಿ ಅರ್ಧವೇ ಕಾಣುತ್ತದೆ, ಕಳ್ಳರಿಗೂ ಅದು ಗೊತ್ತು. ಮೊದಲಿಗೆ ‘ಎಚ್‌ಟಿಟಿಪಿಎಸ್’ ಆದಮೇಲೆ ಎರಡು ಓರೆಗೆರೆ ಇರುತ್ತವೆ, ಅವನ್ನು ಬಿಡಿ. ಅಲ್ಲಿಂದ ಮುಂದೆ ಬರುವ ಮೊದಲ ಒಂಟಿ ಓರೆಗೆರೆಯ ತನಕ ಮಾತ್ರ ನೋಡಿ. ಆ ಗೆರೆಯ ಆಚೆ ಇರುವುದೆಲ್ಲ ಮನೆಯೊಳಗಿನ ಕೋಣೆಗಳ ಹೆಸರು, ಈಗ ಬೇಡ. ಗೆರೆಯಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಓದುತ್ತಾ ಬನ್ನಿ.

ಒಂದು ಕಾಲ್ಪನಿಕ ವಿಳಾಸ ತೆಗೆದುಕೊಳ್ಳಿ: ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಕೆವೈಸಿ-ನವೀಕರಣ ಡಾಟ್ ಟಾಪ್’. ಎಡದಿಂದ ಓದಿದರೆ ಸ್ಟೇಟ್ ಬ್ಯಾಂಕ್. ಬಲದಿಂದ ಓದಿದರೆ ‘ಕೆವೈಸಿ-ನವೀಕರಣ ಡಾಟ್ ಟಾಪ್’ ಎಂಬ ಹೆಸರನ್ನು ಯಾರೋ ಕೊಂಡುಕೊಂಡು, ಮುಂದೆ ಬ್ಯಾಂಕಿನ ಬೋರ್ಡು ನೇತುಹಾಕಿದ್ದಾರೆ ಅಷ್ಟೇ.

ಕೊನೆಯ ತುಂಡಿನಲ್ಲಿ ಹೊರಗಿನವರು ಯಾರೂ ಕೊಳ್ಳಲಾಗದವು ಎರಡಿವೆ. ಒಂದು ‘ಡಾಟ್ ಗವ್ ಡಾಟ್ ಇನ್’, ಸರ್ಕಾರಿ ಸಂಸ್ಥೆಗಳಿಗೆ ಮಾತ್ರ (‘ಡಾಟ್ ಎನ್ಐಸಿ ಡಾಟ್ ಇನ್’ ಕೂಡ ಹಾಗೆಯೇ). ತಿರುಮಲ ತಿರುಪತಿ ದೇವಸ್ಥಾನಂನ ಅಧಿಕೃತ ಸೈಟು ಕೊನೆಯಾಗುವುದು ‘ಎಪಿ ಡಾಟ್ ಗವ್ ಡಾಟ್ ಇನ್’ ಅಂತ, ಯಾಕೆಂದರೆ ಅದು ಆಂಧ್ರ ಸರ್ಕಾರದ ವಿಳಾಸದಡಿ ಇದೆ. ದೊಡ್ಡಪ್ಪ ಹೋದ ಸೈಟಿನಲ್ಲಿ ‘ತಿರುಮಲ’ ಇತ್ತು, ‘ದೇವಸ್ಥಾನಂ’ ಇತ್ತು, ಕೊನೆಯಲ್ಲಿ ‘ಡಾಟ್ ಆರ್ಗ್’ ಇತ್ತು. ಆರ್ಗ್ ಅಂದರೆ ಟ್ರಸ್ಟಿನವರು ಅಂತ ಅವರ ನಂಬಿಕೆ. ಆದರೆ ಅದನ್ನೂ, ‘ಡಾಟ್ ಇನ್’, ‘ಡಾಟ್ ಕೋ ಡಾಟ್ ಇನ್’ ಅನ್ನೂ ಕೆಲವು ನೂರು ರೂಪಾಯಿಗೆ ಯಾರು ಬೇಕಾದರೂ ಕೊಳ್ಳಬಹುದು.

ಎರಡನೆಯದು ಹೊಸದು: ‘ಡಾಟ್ ಬ್ಯಾಂಕ್ ಡಾಟ್ ಇನ್’. ನಮ್ಮ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಈ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಆದೇಶಿಸಿತು. ಇದನ್ನು ಕೊಡುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ, ಕೊಡುವುದೂ ಬ್ಯಾಂಕುಗಳಿಗೆ ಮಾತ್ರ. ಹಾಗಾಗಿ ನೆಟ್‌ಬ್ಯಾಂಕಿಂಗ್ ಪುಟ ತೆರೆದಾಗ ಕೊನೆಗೆ ಇದು ಕಾಣದಿದ್ದರೆ ಪಾಸ್‌ವರ್ಡ್ ಹಾಕುವ ಮೊದಲು ಕೈ ತಡೆಯಿರಿ.

ಚುಕ್ಕೆಯ ಜಾಗದಲ್ಲಿ ಅಡ್ಡಗೆರೆ ಹಾಕುವುದು ಹಳೆಯ ಕೈಚಳಕ. ‘ಗವ್-ಇನ್ ಡಾಟ್ ಕಾಮ್’ ಸರ್ಕಾರಿ ಅಲ್ಲ. ಅಕ್ಷರ ಬದಲಿಸುವುದು ಇನ್ನೊಂದು: ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಒತ್ತಾಗಿ ಕೂತರೆ ‘ಎಂ’ ಹಾಗೆ ಕಾಣುತ್ತದೆ, ಚಿಕ್ಕ ‘ಎಲ್’ಗೂ ಒಂದು ಅಂಕಿಗೂ ವ್ಯತ್ಯಾಸ ತಿಳಿಯುವುದಿಲ್ಲ. ನಮ್ಮಲ್ಲಿ ಅವಸರದಲ್ಲಿ ‘ಧ’ವನ್ನು ‘ಥ’ ಅಂತ ಓದಿಬಿಡುತ್ತೇವಲ್ಲ, ಅದೇ. ರಷ್ಯನ್ ಮುಂತಾದ ಲಿಪಿಗಳಲ್ಲಿ ಇಂಗ್ಲಿಷ್ ‘ಎ’ಯಂತೆಯೇ ಕಾಣುವ ಅಕ್ಷರಗಳಿವೆ, ಅವನ್ನೂ ಬಳಸುತ್ತಾರೆ. ಇದಕ್ಕೆ ಕಣ್ಣಿನ ಪರೀಕ್ಷೆ ಸಾಲದು. ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗುವುದೊಂದೇ ಮದ್ದು.

ವಿದೇಶದಲ್ಲಿರುವ ನಮ್ಮವರಿಗೊಂದು ಮಾತು. ಅಲ್ಲೇ ಹುಟ್ಟಿದ ಮಕ್ಕಳನ್ನು ಅಜ್ಜಿ ಮನೆಗೆ ಕರೆತರಲು ಇ-ವೀಸಾ ಹುಡುಕುವಾಗ ಅಧಿಕೃತವೆಂಬಂತೆ ಕಾಣುವ ಹತ್ತಾರು ಸೈಟುಗಳು ಬರುತ್ತವೆ. ಅಧಿಕೃತ ಸೈಟಿನ ಹೆಸರು ‘ಇಂಡಿಯನ್ ವೀಸಾ ಆನ್‌ಲೈನ್’, ಕೊನೆಯಾಗುವುದು ‘ಗವ್ ಡಾಟ್ ಇನ್’ ಅಂತ. ಉಳಿದವುಗಳಲ್ಲಿ ಕೆಲವು ಹಣ ನುಂಗುತ್ತವೆ, ಕೆಲವು ಅದೇ ಅರ್ಜಿಯನ್ನು ತುಂಬಿಕೊಟ್ಟು ದುಪ್ಪಟ್ಟು ವಸೂಲಿ ಮಾಡುತ್ತವೆ. ಎರಡನೆಯದು ಕಾನೂನಿನ ಲೆಕ್ಕದಲ್ಲಿ ಮೋಸವೋ ಅಲ್ಲವೋ, ನಿಮ್ಮ ಪಾಸ್‌ಪೋರ್ಟ್ ಪ್ರತಿ ಅಪರಿಚಿತರ ಕೈಗೆ ಹೋಯಿತಲ್ಲ.

ಹೆಜ್ಜೆ 3: ಬೀಗದ ಚಿತ್ರವನ್ನು ಮರೆತುಬಿಡಿ

‘ಹಸಿರು ಬೀಗ ಇದ್ದರೆ ಸುರಕ್ಷಿತ’ ಅಂತ ಹತ್ತು ವರ್ಷ ಹಿಂದೆ ನಾನೇ ಎಲ್ಲರಿಗೂ ಹೇಳಿಕೊಟ್ಟಿದ್ದೆ. ಆ ಮಾತನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ನಿಮ್ಮಿಂದ ಆ ಸೈಟಿಗೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು ಅನ್ನುವುದಷ್ಟೇ ಬೀಗದ ಅರ್ಥ. ದಾರಿಯ ಆ ತುದಿಯಲ್ಲಿ ಕೂತವನೇ ಕಳ್ಳನಾದರೆ? ಬೀಗಕ್ಕೆ ಬೇಕಾದ ಪ್ರಮಾಣಪತ್ರ ಇವತ್ತು ಉಚಿತವಾಗಿ, ನಿಮಿಷಗಳಲ್ಲಿ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ 2023ರ ಸೆಪ್ಟೆಂಬರಿನಲ್ಲಿ ಕ್ರೋಮ್ ಬ್ರೌಸರು ಬೀಗದ ಚಿತ್ರವನ್ನೇ ತೆಗೆದುಹಾಕಿತು. ‘ಸುರಕ್ಷಿತವಲ್ಲ’ ಅಂತ ಬ್ರೌಸರು ತೋರಿಸುವ ಸೈಟಿನಲ್ಲಿ ಮಾತ್ರ ಕಾರ್ಡ್ ನಂಬರ್ ಹಾಕಲೇಬೇಡಿ, ಅದು ಈಗಲೂ ನಿಜ.

ಹೆಜ್ಜೆ 4: ಸೈಟಿನ ವಯಸ್ಸು ಕೇಳಿ

ಪ್ರತಿ ವೆಬ್ ವಿಳಾಸಕ್ಕೂ ಜನ್ಮದಿನಾಂಕ ಇರುತ್ತದೆ, ಅದು ಬಹಿರಂಗ. ಗೂಗಲ್‌ನಲ್ಲಿ ‘ಹೂ ಈಸ್ ಲುಕಪ್’ ಅಂತ ಹುಡುಕಿದರೆ ವೆಬ್ ವಿಳಾಸಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆಯದ್ದು ಸೇರಿ ಹಲವು ಪುಟಗಳು ಸಿಗುತ್ತವೆ. ಹೆಜ್ಜೆ 2ರಲ್ಲಿ ಹುಡುಕಿದ ಕೊನೆಯ ತುಂಡನ್ನು ಅಲ್ಲಿ ಹಾಕಿ, ‘ಕ್ರಿಯೇಷನ್ ಡೇಟ್’ ಎಂಬ ಸಾಲು ನೋಡಿ. ಮಾಲೀಕರ ಹೆಸರು ಬಹುಪಾಲು ಮರೆಮಾಡಿರುತ್ತದೆ, ಅದನ್ನು ನೋಡಿ ಗಾಬರಿ ಬೇಡ, ಅಸಲಿಯವರೂ ಮರೆಮಾಡುತ್ತಾರೆ. ದಿನಾಂಕ ಮುಖ್ಯ.

ದೊಡ್ಡಪ್ಪನ ಸೈಟು ‘25 ವರ್ಷಗಳಿಂದ ಭಕ್ತರ ಸೇವೆಯಲ್ಲಿ’ ಅಂತ ಹಣೆಯ ಮೇಲೆ ಬರೆದುಕೊಂಡಿತ್ತು. ನೋಂದಣಿಯಾಗಿ ಹತ್ತೊಂಬತ್ತು ದಿನ ಆಗಿತ್ತು.

ಒಂದು ಎಚ್ಚರಿಕೆ: ಹೊಸದು ಅಂದರೆ ಅನುಮಾನಿಸಿ, ಹಳೆಯದು ಅಂದ ಮಾತ್ರಕ್ಕೆ ನಂಬಬೇಡಿ. ನವೀಕರಿಸದೆ ಬಿಟ್ಟ ಹಳೆಯ ವಿಳಾಸಗಳನ್ನು ಕೊಂಡುಕೊಳ್ಳುವವರಿದ್ದಾರೆ. ಸರ್ಕಾರಿ ಸೈಟಿಗೇ ನುಗ್ಗಿ ಜೂಜಿನ ಪುಟ ತುರುಕಿದ್ದೂ ಉಂಟು. ಲಿಂಕನ್ನು ತೆರೆಯುವ ಮೊದಲೇ ಪರೀಕ್ಷಿಸಬೇಕಿದ್ದರೆ ವೈರಸ್‌ಟೋಟಲ್ ಸೈಟಿನಲ್ಲಿ ಹಾಕಬಹುದು. ಅಲ್ಲಿ ಕೆಂಪು ಬಂದರೆ ಬಿಟ್ಟುಬಿಡಿ. ಹಸಿರು ಬಂದರೆ ಇನ್ನೂ ಯಾರೂ ದೂರು ಕೊಟ್ಟಿಲ್ಲ ಅಂತಷ್ಟೇ ಅರ್ಥ, ನೀವೇ ಮೊದಲಿಗರಾಗಿರಬಹುದು.

ಹೆಜ್ಜೆ 5: ಅಂಗಡಿಯಾದರೆ ಜಿಎಸ್‌ಟಿ ನಂಬರ್ ಕೇಳಿ

ದೀಪಾವಳಿ ಹತ್ತಿರ ಬಂತೆಂದರೆ ಇನ್‌ಸ್ಟಾಗ್ರಾಂನಲ್ಲಿ ‘ಮೈಸೂರು ಸಿಲ್ಕ್ 1,499’ ಶುರು. ಶುದ್ಧ ರೇಷ್ಮೆ, ಚಿನ್ನದ ಜರಿ ಅಂತ ಬರೆದು ಆ ಬೆಲೆ ಹಾಕಿದ್ದರೆ ಲೆಕ್ಕ ನಮ್ಮ ತಲೆಯಲ್ಲೇ ಆಗಬೇಕು. ಆದರೂ ‘ಸ್ಟಾಕ್ ಕ್ಲಿಯರೆನ್ಸ್ ಇರಬಹುದೇನೋ’ ಅಂತ ಮನಸ್ಸು ವಕೀಲಿ ಮಾಡುತ್ತದೆ. ಆಗ ಹೀಗೆ ಮಾಡಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನಿನಲ್ಲಿ ಮಾರುವವರು ಸಂಸ್ಥೆಯ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ದೂರು ಪರಿಹಾರ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಸೈಟಿನಲ್ಲಿ ಹಾಕಲೇಬೇಕು. ಪುಟದ ತಳಕ್ಕೆ ಹೋಗಿ ನೋಡಿ. ಬರೀ ವಾಟ್ಸಾಪ್ ನಂಬರು ಮತ್ತು ಒಂದು ಜಿಮೇಲ್ ವಿಳಾಸ ಇದ್ದರೆ ಅಲ್ಲಿಗೆ ಮುಗಿಯಿತು.

ಜಿಎಸ್‌ಟಿ ಸಂಖ್ಯೆ ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಅದು ಮಾತಾಡುತ್ತದೆ. ಒಟ್ಟು 15 ಅಕ್ಷರ-ಅಂಕಿ. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕ ಅಂದರೆ 29. ‘ನಮ್ಮ ಅಂಗಡಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿದೆ’ ಅಂದು ಸಂಖ್ಯೆ 07ರಿಂದ ಶುರುವಾದರೆ ಅದು ದೆಹಲಿಯದ್ದು. ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಪ್ಯಾನಿನ ನಾಲ್ಕನೇ ಅಕ್ಷರ ‘ಸಿ’ ಆದರೆ ಕಂಪನಿ, ‘ಪಿ’ ಆದರೆ ಒಬ್ಬ ವ್ಯಕ್ತಿ. ‘ಪ್ರೈವೇಟ್ ಲಿಮಿಟೆಡ್’ ಅಂತ ಬೋರ್ಡು ಹಾಕಿ ‘ಪಿ’ ಇದ್ದರೆ ಎಲ್ಲೋ ಎಡವಟ್ಟಿದೆ. ಜಿಎಸ್‌ಟಿ ಪೋರ್ಟಲಿನಲ್ಲಿ ‘ಸರ್ಚ್ ಟ್ಯಾಕ್ಸ್‌ಪೇಯರ್’ ಎಂಬಲ್ಲಿ, ಲಾಗಿನ್ ಏನೂ ಇಲ್ಲದೆ, ಆ ಸಂಖ್ಯೆ ಹಾಕಿ. ಹೆಸರು, ನೋಂದಣಿ ದಿನ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಬರುತ್ತದೆ. ಬೇರೆ ಯಾರದ್ದೋ ಸಂಖ್ಯೆಯನ್ನು ಕದ್ದು ಹಾಕಿರುವುದು ಹೆಚ್ಚಾಗಿ ಇಲ್ಲೇ ಸಿಕ್ಕಿಬೀಳುತ್ತದೆ: ಸೀರೆ ಅಂಗಡಿಯ ಸಂಖ್ಯೆ ಹಾಕಿದರೆ ಸಿಮೆಂಟ್ ಡೀಲರ್ ಹೆಸರು!

‘ಕ್ಯಾಶ್ ಆನ್ ಡೆಲಿವರಿ ಇದೆಯಲ್ಲ, ಭಯವೇನು’ ಅನ್ನುವವರಿಗೆ: ಹೆಚ್ಚಾಗಿ ಪೆಟ್ಟಿಗೆ ತೆರೆಯುವ ಮೊದಲೇ ದುಡ್ಡು ಕೊಡಬೇಕು. ಒಳಗೆ ಹಳೆ ಬಟ್ಟೆ ಬಂದರೆ ಡೆಲಿವರಿ ಹುಡುಗನ ಮೇಲೆ ರೇಗಿ ಪ್ರಯೋಜನವಿಲ್ಲ. ಇಂಥ ದೂರಿಗೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಹೆಜ್ಜೆ 6: ದುಡ್ಡು ಯಾರ ಹೆಸರಿಗೆ?

ಮೇಲಿನ ಎಲ್ಲ ಹೆಜ್ಜೆ ತಪ್ಪಿದರೂ ಇಲ್ಲೊಂದು ಕೊನೆಯ ಗೇಟು ಇದೆ. ಯುಪಿಐ ಪಿನ್ ಹಾಕುವ ಮೊದಲಿನ ಪರದೆಯಲ್ಲಿ ಹಣ ಪಡೆಯುವವರ ಹೆಸರು ಬರುತ್ತದೆ. 2025ರ ಜೂನ್ 30ರಿಂದ ಆ ಜಾಗದಲ್ಲಿ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಅಂತ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ನಿಯಮವಿದೆ. ದೇವಸ್ಥಾನಕ್ಕೆ ಕಟ್ಟುತ್ತಿದ್ದೇನೆ ಅಂದುಕೊಂಡ ದೊಡ್ಡಪ್ಪನಿಗೆ ಪರದೆಯಲ್ಲಿ ಕಂಡದ್ದು ಯಾರೋ ಒಬ್ಬ ವ್ಯಕ್ತಿಯ ಹೆಸರು. ಕೇಳಿದಾಗ ‘ಅವರು ನಮ್ಮ ಕ್ಯಾಷಿಯರ್ ಸಾರ್’ ಅಂದರಂತೆ. ಓಚರ್ ಕಾಲದಲ್ಲಾಗಿದ್ದರೆ ಒಪ್ಪುತ್ತಿದ್ದಿರಾ ಅಂತ ನಾನು ಕೇಳಲಿಲ್ಲ, ಅವರೇ ಕೇಳಿಕೊಂಡಿರುತ್ತಾರೆ.

ನಿಯಮ ಇಷ್ಟೇ: ಸಂಸ್ಥೆಗೆ ಕೊಡುವ ಹಣ ವ್ಯಕ್ತಿಯ ಖಾತೆಗೆ ಹೋಗಬಾರದು. ದೇವರ ಸೇವೆಯ ವಿಷಯದಲ್ಲಿ ನಾವು ಇದನ್ನು ಕೇಳಲು ಸಂಕೋಚಪಡುತ್ತೇವೆ. ಕಲಬುರಗಿ ಜಿಲ್ಲೆಯ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಹೆಸರಿನಲ್ಲಿ ನಕಲಿ ವೆಬ್‌ಸೈಟುಗಳನ್ನು ಮಾಡಿ ಭಕ್ತರಿಂದ ಹಣ ಪಡೆದ ಆರೋಪ 2022ರಲ್ಲಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ್ದನ್ನು ನೆನಪಿಸಿಕೊಳ್ಳಿ. ಸಂಕೋಚ ಬೇಡ.

ಷೇರು ವ್ಯವಹಾರದವರಿಗೆ ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಂದು ಅನುಕೂಲ ಮಾಡಿದೆ. ನೋಂದಾಯಿತ ಬ್ರೋಕರುಗಳ, ಮ್ಯೂಚುವಲ್ ಫಂಡುಗಳ ಯುಪಿಐ ವಿಳಾಸದಲ್ಲಿ ‘ಅಟ್’ ಚಿಹ್ನೆಯ ನಂತರ ‘ವ್ಯಾಲಿಡ್’ ಎಂಬ ಪದವೂ ಅದರ ಜೊತೆ ಬ್ಯಾಂಕಿನ ಹೆಸರೂ ಬರುತ್ತವೆ, ಕಟ್ಟುವಾಗ ಹಸಿರು ತ್ರಿಕೋನದೊಳಗೆ ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಕಾಣುತ್ತದೆ. ವಾಟ್ಸಾಪ್ ಗುಂಪಿನಲ್ಲಿ ‘ಐಪಿಒ ಖಚಿತ ಹಂಚಿಕೆ’ ಅಂತ ಆಸೆ ತೋರಿಸುವವರ ಬಳಿ ಇದು ಇರುವುದಿಲ್ಲ.

ಪಿನ್ ಹಾಕುವುದು ಹಣ ಕೊಡಲು, ಪಡೆಯಲು ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ‘ರೀಫಂಡ್’ ಅನ್ನುವ ಪದ ಕೇಳಿದ ಕೂಡಲೇ ಮರೆತುಹೋಗುತ್ತದೆ. ಒಬ್ಬರಿಂದೊಬ್ಬರಿಗೆ ಹಣ ಕೇಳುವ ಯುಪಿಐ ಕೋರಿಕೆಗಳನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಆದರೆ ಕ್ಯೂಆರ್ ಕಳಿಸಿ ‘ಸ್ಕ್ಯಾನ್ ಮಾಡಿ, ನಿಮಗೆ ದುಡ್ಡು ಬರುತ್ತೆ’ ಅನ್ನುವುದು ನಿಂತಿಲ್ಲ. ಹಾಗೆಯೇ, ಒಂದು ಸಲ ಕಟ್ಟಿದ ಮೇಲೆ ‘ಅದು ಬಿಡುಗಡೆಯಾಗಲು ಇನ್ನೊಂದಿಷ್ಟು’ ಅಂತ ಕೇಳಿದ ಕ್ಷಣವೇ ಅನುಮಾನ ಮುಗಿದು ಖಾತ್ರಿಯಾಯಿತು ಅಂತ ತಿಳಿಯಿರಿ. ದೊಡ್ಡಪ್ಪ ಅಲ್ಲಿ ನಿಲ್ಲಿಸಿದ್ದರೆ ಹೋಗುತ್ತಿದ್ದದ್ದು 1,200 ಮಾತ್ರ. ಹೋದದ್ದನ್ನು ಹಿಡಿಯಲು ಹೋಗಿ ಉಳಿದ 8,400 ಹೋಯಿತು.

ಹೆಜ್ಜೆ 7: ಎಪಿಕೆ ಬಂದರೆ ಮುಟ್ಟಬೇಡಿ

ಈಗಿನ ಹೊಸ ಪದ್ಧತಿಯಲ್ಲಿ ವೆಬ್‌ಸೈಟೂ ಬೇಕಿಲ್ಲ. ವಾಟ್ಸಾಪ್‌ಗೆ ಒಂದು ಫೈಲು ಬರುತ್ತದೆ: ‘ಟ್ರಾಫಿಕ್ ಚಲನ್’, ‘ಮದುವೆ ಆಮಂತ್ರಣ’, ‘ಬ್ಯಾಂಕ್ ಕೆವೈಸಿ’. ಹೆಸರಿನ ಕೊನೆಯಲ್ಲಿ ‘ಡಾಟ್ ಎಪಿಕೆ’ ಇರುತ್ತದೆ. ಇಲ್ಲೂ ಕೊನೆಯನ್ನೇ ಓದಬೇಕು. ಎಪಿಕೆ ಅಂದರೆ ಪತ್ರವಲ್ಲ, ಆ್ಯಪ್. ಲಗ್ನಪತ್ರಿಕೆ ನೋಡಲು ಯಾರೂ ಆ್ಯಪ್ ಹಾಕಿಕೊಳ್ಳಬೇಕಿಲ್ಲ. ಹಾಕಿಕೊಂಡರೆ ಅದು ನಿಮ್ಮ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ, ಒಟಿಪಿಗಳನ್ನು ಕಳ್ಳರಿಗೆ ದಾಟಿಸುತ್ತದೆ, ನಿಮ್ಮ ಹೆಸರಿನಲ್ಲೇ ನಿಮ್ಮ ಪರಿಚಯದವರಿಗೆಲ್ಲ ಅದೇ ಆಮಂತ್ರಣ ಹಂಚುತ್ತದೆ.

ನಿಜವಾಗಿ ದಂಡ ಬಿದ್ದಿದೆಯೇ ಅಂತ ತಿಳಿಯಲು ‘ಇಚಲನ್ ಡಾಟ್ ಪರಿವಾಹನ್ ಡಾಟ್ ಗವ್ ಡಾಟ್ ಇನ್’ ಸೈಟಿಗೆ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ.

ಆಗಲೇ ಹಾಕಿಕೊಂಡುಬಿಟ್ಟಿದ್ದರೆ ತಕ್ಷಣ ಡೇಟಾ ಮತ್ತು ವೈಫೈ ಆಫ್ ಮಾಡಿ. ಬೇರೊಬ್ಬರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ನೆಟ್‌ಬ್ಯಾಂಕಿಂಗ್, ಯುಪಿಐ, ಕಾರ್ಡ್ ಮೂರನ್ನೂ ತಡೆಹಿಡಿಸಿ. ಆಮೇಲೆ ಆ ಆ್ಯಪ್ ತೆಗೆಯಿರಿ. ತೆಗೆಯಲು ಬಿಡದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಕೊಟ್ಟ ‘ಡಿವೈಸ್ ಅಡ್ಮಿನ್’ ಮತ್ತು ‘ಆ್ಯಕ್ಸೆಸಿಬಿಲಿಟಿ’ ಅನುಮತಿಗಳನ್ನು ಮೊದಲು ಕಿತ್ತುಹಾಕಿ. ಕರೆಗಳು ಬೇರೆ ನಂಬರಿಗೆ ಹೋಗುವಂತೆ ಮಾಡಿರಬಹುದು ಅನ್ನಿಸಿದರೆ ಎರಡು ಹ್ಯಾಷ್, 002, ಮತ್ತೊಂದು ಹ್ಯಾಷ್ ಡಯಲ್ ಮಾಡಿದರೆ ಫಾರ್ವರ್ಡ್ ಎಲ್ಲ ರದ್ದಾಗುತ್ತದೆ. ಫೋಟೊಗಳ ಪ್ರತಿ ಉಳಿಸಿಕೊಂಡು ಫೋನನ್ನು ಪೂರ್ತಿ ರೀಸೆಟ್ ಮಾಡುವುದೇ ನೆಮ್ಮದಿ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕುವುದೂ ಇದೇ ಜಾತಿಯ ಅಪಾಯ. ಬ್ಯಾಂಕಿನದ್ದು ಬೇಕಾದರೆ ಎಟಿಎಂ ಕಾರ್ಡಿನ ಹಿಂದೆ ಅಚ್ಚಾಗಿದೆ. ಆ ಕಡೆಯವರು ‘ಒಂದು ಆ್ಯಪ್ ಹಾಕಿ, ನಿಮ್ಮ ಸ್ಕ್ರೀನ್ ನನಗೆ ಕಾಣಲಿ’ ಅಂದರೆ ಫೋನಿಟ್ಟುಬಿಡಿ.

ದುಡ್ಡು ಹೋದ ಮೇಲೆ

ಮೊದಲು ಬೈಗುಳ ನಿಲ್ಲಿಸಿ. ಮನೆಯವರು ಬೈಯುತ್ತಾರೆ ಅನ್ನುವ ಹೆದರಿಕೆಗೇ ಹಿರಿಯರು ಎರಡು ದಿನ ಸುಮ್ಮನಿದ್ದುಬಿಡುತ್ತಾರೆ, ಕಳ್ಳರಿಗೆ ಬೇಕಾದದ್ದೂ ಅದೇ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ಖಾತೆಯಿಂದ ಖಾತೆಗೆ ಹಾರುತ್ತಾ ಹೋಗುತ್ತದೆ. ಹಾರಿ ಮುಗಿಯುವ ಮೊದಲು ತಡೆಯಬೇಕು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಲೈನು ಸಿಗುವವರೆಗೆ ಮತ್ತೆ ಮತ್ತೆ ಮಾಡಿ. ಕೈಯಲ್ಲಿ ಇಷ್ಟು ಇರಲಿ: ಹಣ ಹೋದ ಬ್ಯಾಂಕು, ಮೊತ್ತ, ದಿನ-ಸಮಯ, ಪ್ರತಿ ವಹಿವಾಟಿನ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ, ಪಡೆದವರ ಯುಪಿಐ ವಿಳಾಸ. ಇದೇ ದೂರನ್ನು ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ಪೋರ್ಟಲಿನಲ್ಲೂ ದಾಖಲಿಸಿ ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದೇ ಪೋರ್ಟಲಿನಲ್ಲಿ ಅನುಮಾನ ಬಂದ ಫೋನ್ ನಂಬರ್, ಯುಪಿಐ ವಿಳಾಸ, ವೆಬ್‌ಸೈಟುಗಳ ಮೇಲೆ ಈಗಾಗಲೇ ದೂರು ಇದೆಯೇ ಅಂತ ಹುಡುಕುವ ಸೌಲಭ್ಯವೂ ಇದೆ. ಕಟ್ಟುವ ಮೊದಲೇ ಬಳಸಿದರೆ ಲಾಭ. ಹಣ ಹೋಗಿಲ್ಲ, ಬರೀ ಕರೆ ಅಥವಾ ಸಂದೇಶ ಬಂದಿದೆ ಅಂದರೆ ಸಂಚಾರ್ ಸಾಥಿ ಪೋರ್ಟಲಿನ ‘ಚಕ್ಷು’ವಿನಲ್ಲಿ ತಿಳಿಸಿ.

ಸೈಟಿನ ಸ್ಕ್ರೀನ್‌ಶಾಟ್ ಆಗಲೇ ತೆಗೆಯಿರಿ, ಪೂರ್ತಿ ವಿಳಾಸ ಕಾಣುವಂತೆ. ನಾಳೆ ಆ ಸೈಟು ಇರುವುದಿಲ್ಲ. ವಾಟ್ಸಾಪ್ ಮಾತುಕತೆಯನ್ನು ಸಿಟ್ಟಿನಲ್ಲಿ ಅಳಿಸಬೇಡಿ.

ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ. ಇಲ್ಲೊಂದು ಕಹಿ ಸತ್ಯ ಇದೆ. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ಪ್ರಕಾರ, ನಿಮ್ಮದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಹಣ ಹೋಗಿದ್ದು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮಗೆ ನಷ್ಟವಿಲ್ಲ. ಆದರೆ ಪಿನ್, ಒಟಿಪಿ ನೀವೇ ಹಂಚಿಕೊಂಡಿದ್ದರೆ ದೂರು ಕೊಡುವವರೆಗಿನ ನಷ್ಟ ನಿಮ್ಮದೇ. ದೂರು ಕೊಟ್ಟ ನಂತರ ಆಗುವುದು ಮಾತ್ರ ಬ್ಯಾಂಕಿನ ಹೊಣೆ. ಹಾಗಾಗಿ ದೂರಿನಲ್ಲಿ ಸಮಯ ನಮೂದಿಸಿ, ರಸೀದಿ ಪಡೆಯಿರಿ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ಹೋಗಬಹುದು, ಶುಲ್ಕವಿಲ್ಲ. ನಿಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಆಗಲಿ. ವೇಷ ಹಾಕಿ ಆನ್‌ಲೈನಿನಲ್ಲಿ ವಂಚಿಸಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಇದೆ.

ಇದಾದ ಕೆಲವೇ ದಿನಕ್ಕೆ ಎರಡನೇ ಕಳ್ಳ ಬರುತ್ತಾನೆ. ‘ಸೈಬರ್ ಸೆಲ್ ವಕೀಲರು’, ‘ರಿಕವರಿ ಏಜೆನ್ಸಿ’ ಅಂತ. ಎಷ್ಟು ಹೋಯಿತು, ಯಾವತ್ತು ಹೋಯಿತು ಎಲ್ಲ ಅವನಿಗೆ ಗೊತ್ತಿರುತ್ತದೆ, ಯಾಕೆಂದರೆ ಕದ್ದವರೇ ಆ ಪಟ್ಟಿಯನ್ನು ಮಾರಿರುತ್ತಾರೆ ಅಥವಾ ಅವರೇ ಇವರು. ದೊಡ್ಡಪ್ಪನಿಗೆ ಬಂದವನು ಕೇಳಿದ್ದು 1,500 ರೂಪಾಯಿ ಫೈಲಿಂಗ್ ಶುಲ್ಕ. ಅವರು ಕ್ಯೂಆರ್ ಕಳಿಸಲು ಹೇಳಿ, ಸ್ಕ್ಯಾನ್ ಮಾಡಿ ಹೆಸರು ಓದಿ, ಬರೆದಿಟ್ಟುಕೊಂಡು, ಅದನ್ನೂ ದೂರಿಗೆ ಸೇರಿಸಿದರು. ಓಚರ್ ನೋಡುತ್ತಿದ್ದ ಮನುಷ್ಯ ವಾಪಸ್ ಬಂದಿದ್ದರು.

ನಾಲ್ಕನೇ ಕಂತು ಕಟ್ಟಿ ಅರ್ಧ ಗಂಟೆಯೊಳಗೆ 1930ಕ್ಕೆ ಮಾಡಿದ್ದರಿಂದ ಆ 2,400 ಒಂದು ಖಾತೆಯಲ್ಲಿ ತಡೆಹಿಡಿಯಲ್ಪಟ್ಟಿದೆ. ಉಳಿದ 7,200 ಆಗಲೇ ಹಾರಿತ್ತು. ತಡೆದದ್ದನ್ನು ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಅರ್ಜಿ ಹಾಕಿ ಆದೇಶ ತರಬೇಕು ಅಂದಿದ್ದಾರೆ. ಹೋದ ವಾರ ಅರ್ಜಿ ಹಾಕಿ ಬಂದೆವು. ಅಲ್ಲೂ ಉದ್ದ ಕ್ಯೂ ಇತ್ತು.